ತುಂಡಾದ ನರ ಮತ್ತು ಎಕ್ಸೋಸೋಮ್ ಚಿಕಿತ್ಸೆ

ಕಳೆದ ವರ್ಷ ಕಬ್ಬು ಕಟಾವಿನ ಕಾಲದಲ್ಲಿ ರೈತರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಮೂರು ವಾರಗಳ ಹಿಂದೆ ಕುಡುಗೋಲು ತಗುಲಿ ಮಣಿಕಟ್ಟಿಗೆ ಗಾಯವಾಗಿತ್ತು. ಚರ್ಮಕ್ಕೆ ಹೊಲಿಗೆ ಹಾಕಿಸಿದ್ದರು, ಗಾಯ ಮಾಯ್ದಿತ್ತು. ಆದರೆ ಹೆಬ್ಬೆರಳಿಗೂ ಅದರ ಪಕ್ಕದ ಎರಡು ಬೆರಳುಗಳಿಗೂ ಸ್ಪರ್ಶಜ್ಞಾನವೇ ಇರಲಿಲ್ಲ. ಮೊಬೈಲಿನಲ್ಲಿ ಬಂದ ಜಾಹೀರಾತು ತೋರಿಸಿ, “ಈ ಎಕ್ಸೋಸೋಮ್ ಇಂಜೆಕ್ಷನ್ ಹಾಕಿಸಿದ್ರ ಕೈ ಮೊದಲಿನಂಗ ಆಗತೈತೇನ್ರಿ? ಹೊಲ ಒತ್ತಿ ಹಾಕಿ ರೊಕ್ಕ ಹೊಂದಸ್ತೀನ್ರಿ” ಎಂದರು. ಅವರಿಗೆ ಹೇಳಿದ್ದನ್ನೇ ಓದುಗ ಬಂಧುಗಳಿಗಾಗಿ ಇಲ್ಲಿ ವಿಸ್ತರಿಸಿದ್ದೇನೆ.

ಬೆನ್ನುಹುರಿಯಿಂದ ಹೊರಟು ಕೈಕಾಲುಗಳಿಗೆ ಹರಡುವ ನರಗಳಲ್ಲಿ ಸಾವಿರಾರು ಸೂಕ್ಷ್ಮ ತಂತುಗಳಿರುತ್ತವೆ. ಶ್ವಾನ್ ಕೋಶಗಳು ಅವುಗಳನ್ನು ಕವಚದಂತೆ ಸುತ್ತಿಕೊಂಡಿರುತ್ತವೆ. ನರ ತುಂಡಾದಾಗ ಗಾಯದಿಂದ ಆಚೆಗಿರುವ ತಂತುಗಳು ನಶಿಸುತ್ತವೆ. 1850ರಲ್ಲಿ ಆಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯರು ಕಪ್ಪೆಯ ನಾಲಿಗೆಯ ನರಗಳಲ್ಲಿ ಇದನ್ನು ತೋರಿಸಿಕೊಟ್ಟರು. ಬಳಿಕ ಶ್ವಾನ್ ಕೋಶಗಳು ಅವಶೇಷಗಳನ್ನು ತೆರವುಗೊಳಿಸಿ, ಸಾಲಾಗಿ ನಿಂತು, ಹೊಸ ತಂತು ಬೆಳೆಯಲು ದಾರಿ ಮಾಡಿಕೊಡುತ್ತವೆ. ಬೆಳವಣಿಗೆಯ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಮಣಿಕಟ್ಟಿನಿಂದ ಬೆರಳ ತುದಿ ತಲುಪಲು ಆರು ತಿಂಗಳಾದರೂ ಬೇಕು. ತುಂಡಾದ ತುದಿಗಳು ದೂರ ಸರಿದಿದ್ದರೆ ತಂತು ದಾರಿ ತಪ್ಪುತ್ತದೆ. ಒಂದೂವರೆ ವರ್ಷ ನರಸಂಪರ್ಕವಿಲ್ಲದೆ ಉಳಿದ ಸ್ನಾಯು ಚೇತರಿಸಿಕೊಳ್ಳುವುದು ಬಹಳ ಕಷ್ಟ.

ಎಕ್ಸೋಸೋಮ್ ಎಂದರೆ ಜೀವಕೋಶಗಳು ಹೊರಸೂಸುವ ಅತಿಸೂಕ್ಷ್ಮ ಚೀಲ. ಅದರ ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು. 1983ರಲ್ಲಿ ಬಲಿಯದ ಕೆಂಪು ರಕ್ತಕಣಗಳಲ್ಲಿ ಇವು ಕಂಡುಬಂದಾಗ, ಕೋಶವು ಕಸ ಹೊರಹಾಕುವ ವಿಧಾನವೆಂದೇ ಭಾವಿಸಲಾಗಿತ್ತು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು, ಈ ಚೀಲಗಳು ಆರ್‌ಎನ್‌ಎ ರೂಪದ ಸಂದೇಶಗಳನ್ನು ಒಂದು ಕೋಶದಿಂದ ಮತ್ತೊಂದಕ್ಕೆ ಒಯ್ಯುತ್ತವೆಂದು ತೋರಿಸಿದರು. ಅಸ್ಥಿಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಗಳಿಂದ ಪಡೆದ ಸ್ಟೆಮ್ ಸೆಲ್, ಅಂದರೆ ಆಕರಕೋಶಗಳ ಉಪಕಾರದಲ್ಲಿ ಬಹುಪಾಲು ಇಂತಹ ಸ್ರಾವಗಳಿಂದಲೇ ಬರುತ್ತದೆಂಬ ಅಭಿಪ್ರಾಯ ಕ್ರಮೇಣ ಬಲಗೊಂಡಿತು. ಹಿಂಗಾಲಿನ ನರವನ್ನು ತುಂಡರಿಸಿದ ಅಥವಾ ಜಜ್ಜಿದ ಇಲಿಗಳಿಗೆ ಎಕ್ಸೋಸೋಮ್ ನೀಡಿದಾಗ ಶ್ವಾನ್ ಕೋಶಗಳು ಹೆಚ್ಚಿ, ತಂತುಗಳ ಕವಚ ದಪ್ಪಗಾಗಿ, ನಡಿಗೆ ಸುಧಾರಿಸಿದ್ದನ್ನು ಹಲವು ಪ್ರಯೋಗಗಳು ದಾಖಲಿಸಿವೆ.

ಇದು ನಿಜವಾದ ಭರವಸೆ. ಆದರೆ ಆರಂಭಿಕ ಭರವಸೆ. ಇಲಿಯ ನರ ಗಿಡ್ಡ, ಬೇಗ ತಾನಾಗಿಯೂ ಬೆಳೆಯುತ್ತದೆ. ಮನುಷ್ಯರಿಗೆ ಎಷ್ಟು ಪ್ರಮಾಣ, ಯಾವ ಮೂಲದ್ದು, ಶುದ್ಧತೆಯ ಅಳತೆ ಯಾವುದು ಎಂಬುದು ನಿರ್ಧಾರವಾಗಿಲ್ಲ. 2019ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಸಂಸ್ಥೆಯು, ನೆಬ್ರಾಸ್ಕದಲ್ಲಿ ಅನುಮೋದನೆಯಿಲ್ಲದ ಎಕ್ಸೋಸೋಮ್ ಪಡೆದವರಿಗೆ ತೀವ್ರ ತೊಂದರೆಯಾದ ಬಳಿಕ ಸಾರ್ವಜನಿಕ ಎಚ್ಚರಿಕೆ ನೀಡಿತು. ನಮ್ಮ ದೇಶದ ಐಸಿಎಂಆರ್ 2017ರ ಮಾರ್ಗಸೂಚಿಯು ಕೆಲವು ರಕ್ತಸಂಬಂಧಿ ರೋಗಗಳನ್ನು ಬಿಟ್ಟು ಉಳಿದೆಡೆ ಆಕರಕೋಶಗಳ ಬಳಕೆಯನ್ನು ಸಂಶೋಧನೆಯೆಂದೇ ಪರಿಗಣಿಸುತ್ತದೆ. ಸಂಶೋಧನೆಗೆ ಒಳಪಡುವವರಿಂದ ಹಣ ಪಡೆಯಕೂಡದು. ಹಣ ಕೇಳಿದಲ್ಲಿಯೇ ಸಂಶಯ ಮೂಡಬೇಕು.

ಮಾಡಬೇಕಾದುದೇನು? ಗಾಯದ ನಂತರ ಜೋಮು ಅಥವಾ ಶಕ್ತಿಹೀನತೆ ಕಂಡರೆ ತಡಮಾಡದೆ ನರ ಜೋಡಿಸಬಲ್ಲ ಶಸ್ತ್ರಚಿಕಿತ್ಸಕರನ್ನು ಕಾಣಬೇಕು. ಆಯುರ್ವೇದ ವೈದ್ಯನಾಗಿಯೂ ಹೇಳುತ್ತೇನೆ: ಅಭ್ಯಂಗದಿಂದ ಬಿಗಿತ ಸಡಿಲವಾದೀತು, ತುಂಡಾದ ನರ ಕೂಡದು. ಗಾಯವಿಲ್ಲದೆ ಅಂಗಾಲು ಜುಮುಗುಟ್ಟಿದರೆ ಸಕ್ಕರೆಯ ಪ್ರಮಾಣವನ್ನೂ, ಸಸ್ಯಾಹಾರಿಗಳಲ್ಲಿ ಸಾಮಾನ್ಯವಾಗಿ ಕಡಿಮೆಯಾಗುವ ಬಿ12 ಜೀವಸತ್ವವನ್ನೂ ಪರೀಕ್ಷಿಸಿಕೊಳ್ಳಿ. ಜೋಮುಗಟ್ಟಿದ ಪಾದಗಳಿಗೆ ಬಿಸಿನೀರಿನ ಶಾಖ ಬೇಡ; ಸುಟ್ಟರೂ ತಿಳಿಯುವುದಿಲ್ಲ.

ಆ ರೈತರು ಹೊಲ ಒತ್ತಿ ಹಾಕಲಿಲ್ಲ. ಅದೇ ವಾರ ಶಸ್ತ್ರಚಿಕಿತ್ಸೆಯಾಗಿ ನರ ಜೋಡಣೆಯಾಯಿತು. ಹೆಬ್ಬೆರಳಿನ ಹಿಡಿತ ಇನ್ನೂ ಪೂರ್ಣ ಬಂದಿಲ್ಲ. ಆದರೆ ಮೊನ್ನೆ ಬಂದಾಗ, ಕಣ್ಣು ಮುಚ್ಚಿಕೊಂಡೇ ಬೆರಳ ತುದಿಗೆ ತಾಗಿಸಿದ ಹತ್ತಿಯನ್ನು ಗುರುತಿಸಿದರು.