ಗ್ಯಾರೆಟ್ ಮನೆಯಿಂದ ಒಡೆಯರ ಅರಮನೆಗೆ

ನಾಗ್ಪುರದ ವಾಡಿಯಲ್ಲಿರುವ ನಮ್ಮವರಿಗೆ ಮರಾಠಿಯ ‘ವಾಡಾ’ ಚಿರಪರಿಚಿತ ಪದ. ಉತ್ತರ ಕರ್ನಾಟಕದಲ್ಲಿ ಅದೇ ದೇಸಾಯರ ‘ವಾಡೆ’. ದೊಡ್ಡ ಮನೆಗೆ ಯಜಮಾನ ಬದಲಾದರೆ ಅದರ ರೂಪವೂ ಬದಲಾಗುತ್ತದೆ. ಬೆಂಗಳೂರು ಅರಮನೆಯೇ ಇದಕ್ಕೆ ಸಾಕ್ಷಿ.

ಈ ಜಾಗ ಮೊದಲು ರಾಜರದಾಗಿರಲಿಲ್ಲ, ರೆವರೆಂಡ್ ಗ್ಯಾರೆಟ್ ಅವರದಾಗಿತ್ತು. ಅವರು ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಯ ಪ್ರಾಂಶುಪಾಲರು. 1849ರಲ್ಲೇ ಬೆಂಗಳೂರಿನಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಚ್ಚು ಹಾಕಿಸಿದವರು.

ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಬಾಲಕ ಹತ್ತನೇ ಚಾಮರಾಜ ಒಡೆಯರು ಬೆಂಗಳೂರಿನಲ್ಲಿ ತಂಗಲು ಮನೆ ಬೇಕಿತ್ತು. 1873ರಲ್ಲಿ ಅವರ ಪೋಷಕರಾಗಿದ್ದ ಬ್ರಿಟಿಷ್ ಅಧಿಕಾರಿಗಳು ಮಹಾರಾಜರ ಸ್ವಂತ ನಿಧಿಯಿಂದ 40,000 ರೂಪಾಯಿ ಕೊಟ್ಟು ಗ್ಯಾರೆಟ್ ಆಸ್ತಿಯನ್ನು ಕೊಂಡರು. 1878ರ ಹೊತ್ತಿಗೆ ಟ್ಯೂಡರ್ ಶೈಲಿಯ ಅರಮನೆ ಸಿದ್ಧವಾಯಿತು. ಕೋಟೆಯಂಥ ಗೋಪುರಗಳು, ಬಣ್ಣದ ಗಾಜಿನ ಕಿಟಕಿಗಳು, ಮರದ ಕೆತ್ತನೆ ಎಲ್ಲವೂ ಇಂಗ್ಲೆಂಡಿನ ನೆರಳು. ಆದರೆ ಒಳಗಿನ ಬದುಕು ನಮ್ಮದೇ. ಮಹಡಿಯ ದರ್ಬಾರ್ ಹಾಲಿನಲ್ಲಿ ರಾಣಿಯರು ಮರೆಯಲ್ಲಿ ಕುಳಿತು ಕಲಾಪ ನೋಡಲು ಪರದೆ. ಕೆಳಗೆ ತೆರೆದ ಅಂಗಳ, ನೀಲಿ ಟೈಲ್ಸ್ ಹಾಕಿದ ಕಲ್ಲಿನ ಆಸನ.

1974ರಲ್ಲಿ ಜಯಚಾಮರಾಜ ಒಡೆಯರು ತೀರಿಕೊಂಡ ನಂತರ ಆಸ್ತಿ ಕೋರ್ಟು ಕಚೇರಿಗಳಲ್ಲಿ ಸುತ್ತತೊಡಗಿತು. 1996ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ತಂದು 472 ಎಕರೆಗೆ 11 ಕೋಟಿ ರೂಪಾಯಿ ಪರಿಹಾರ ನಿಗದಿ ಮಾಡಿತು. ಹೈಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, ರಾಜಮನೆತನ ಸುಪ್ರೀಂ ಕೋರ್ಟಿಗೆ ಹೋಯಿತು. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆಗಳ ಅಗಲೀಕರಣದ ಸುಮಾರು 15 ಎಕರೆಗೆ ಅಭಿವೃದ್ಧಿ ಹಕ್ಕು ಪತ್ರ ಕೊಡುವಂತೆ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದರ ಮೌಲ್ಯ ಸುಮಾರು 3,000 ಕೋಟಿ! ಬೊಕ್ಕಸಕ್ಕೆ ಭಾರವೆಂದು 2025ರಲ್ಲಿ ಸರ್ಕಾರ ಮತ್ತೊಂದು ಕಾನೂನು ತಂದಿತು.

ಗ್ಯಾರೆಟ್ ಕಾಲದಲ್ಲಿ ಬೆಲೆ ಇದ್ದದ್ದು ಮನೆಗೆ. ಇಂದು ಅದರ ಸುತ್ತಲಿನ ನೆಲಕ್ಕೆ. ಜಗಳ ನೆಲದ್ದಾದಾಗ ಗೋಡೆಯ ಬಿರುಕು, ಮರದ ಗೆದ್ದಲು ಯಾರ ಕಣ್ಣಿಗೂ ಬೀಳುವುದಿಲ್ಲ. ರಾಜಮನೆತನ ಉಳಿಸಿಕೊಳ್ಳಲಿ, ಸರ್ಕಾರ ಪಡೆಯಲಿ, ಕಟ್ಟಡದ ಆರೈಕೆಯ ಖರ್ಚನ್ನೂ ತೀರ್ಪಿನ ಲೆಕ್ಕದಲ್ಲಿ ಸೇರಿಸಬೇಕು. ಊರಿಗೆ ಹೋದಾಗ ಮೇಖ್ರಿ ವೃತ್ತದ ಆಚೆ ಕಾಣುವ ಮರಗಳನ್ನಷ್ಟೇ ನೋಡಿ ಮುಂದೆ ಸಾಗಬೇಡಿ, ಟಿಕೆಟ್ ತೆಗೆದು ಒಳಗೂ ಹೋಗಿ ಬನ್ನಿ.