ಜೋಡಿ ಮಾತು ಮತ್ತು ಇಂಗ್ಲಿಷ್ ವ್ಯಾಕರಣ

ನಮ್ಮಂಥ ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವ್ಯಾಕರಣವೆಂದರೆ ಬಹುಮಟ್ಟಿಗೆ ಕಂಠಪಾಠದ ವಿಷಯ. ನಿಯಮ ಬರುತ್ತದೆ, ಉದಾಹರಣೆ ಬರುತ್ತದೆ, ಬಿಟ್ಟ ಸ್ಥಳ ತುಂಬುವುದೂ ಬರುತ್ತದೆ. ಬಾರದೆ ಉಳಿಯುವುದು ಮಾತು ಒಂದೇ. ಈ ಕೊರತೆಯನ್ನು ನೀಗಿಕೊಳ್ಳಲು ಇಬ್ಬಿಬ್ಬರು ಕೂಡಿ ಮಾತನಾಡುವ ಅಭ್ಯಾಸವು ಹೇಗೆ ನೆರವಾಗುತ್ತದೆ, ಎಲ್ಲಿ ನೆರವಾಗುವುದಿಲ್ಲ ಎಂಬುದನ್ನು ನನ್ನ ಎರಡು ವರ್ಷಗಳ ಅನುಭವದ ಮೇಲಿಂದ ತಿಳಿಸುವುದೇ ಈ ಲೇಖನದ ಉದ್ದೇಶ. ನಾನು ಪಂಡಿತನಲ್ಲ, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗನು. ಆದುದರಿಂದ ತಪ್ಪಿದ್ದರೆ ಗುರುಹಿರಿಯರು ತಿದ್ದಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ನಾನು ಮೊದಲನೆಯ ವರ್ಷದಲ್ಲಿದ್ದಾಗ ಒಂದು ಸಂಜೆ ಬಾದಾಮಿಯ ಗುಹೆಗಳ ಮೆಟ್ಟಿಲ ಮೇಲೆ ಕುಳಿತಿದ್ದೆ. ವಯಸ್ಸಾದ ವಿದೇಶೀ ದಂಪತಿಗಳು ಇಳಿದು ಬಂದು ನನ್ನನ್ನು ಕಂಡು ನಕ್ಕು, ಈ ಊರಿನಲ್ಲಿ ಎಷ್ಟು ಕಾಲದಿಂದ ಇದ್ದೀ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಶ್ನೆ ನನಗೆ ಚೆನ್ನಾಗಿ ತಿಳಿಯಿತು. ‘ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಏಟೀನ್ ಇಯರ್ಸ್’ ಎಂದೆ. ಆ ತಾಯಿ ‘ಸಿನ್ಸ್ ವೆನ್?’ ಎಂದು ಮತ್ತೆ ಕೇಳಿದರು. ಅವರಿಗೆ ಕಿವಿ ಮಂದವಿರಬೇಕೆಂದು ತಿಳಿದು ಅದೇ ವಾಕ್ಯವನ್ನು ಗಟ್ಟಿಯಾಗಿ ಹೇಳಿದೆ. ಅವರು ತಲೆಯಾಡಿಸಿ ಹೊರಟುಹೋದರು. ಮನೆಗೆ ಬಂದು ಹಿಂದಿನ ವಾರದ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ತೆಗೆದು ನೋಡಿದೆ. ‘ಸಿನ್ಸ್’ ಮತ್ತು ‘ಫಾರ್’ ತುಂಬುವ ಹತ್ತು ವಾಕ್ಯಗಳಿದ್ದವು, ಹತ್ತೂ ಸರಿ! ಹತ್ತಕ್ಕೆ ಹತ್ತು ಅಂಕ ಪಡೆದವನ ಬಾಯಿಂದ ಅದೇ ತಪ್ಪು ಹೊರಬಿದ್ದುದು ಹೇಗೆ? ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಕಾರಣ ನಮ್ಮ ಕನ್ನಡದಲ್ಲಿಯೇ ಇದೆ. ‘ಸೋಮವಾರದಿಂದ ಜ್ವರ’ ಎನ್ನುತ್ತೇವೆ. ‘ಮೂರು ದಿನದಿಂದ ಜ್ವರ’ ಎಂದೂ ಎನ್ನುತ್ತೇವೆ. ಎರಡು ಕಡೆಗೂ ‘ಇಂದ’ ಎಂಬುದೊಂದೇ ಪ್ರತ್ಯಯ ಸಾಕು. ಇಂಗ್ಲಿಷಿನವರು ಕೆಲಸ ಪ್ರಾರಂಭವಾದ ಗಳಿಗೆಯನ್ನು ಹೇಳುವಾಗ ‘ಸಿನ್ಸ್’ ಎಂದೂ, ಕಳೆದ ಅವಧಿಯನ್ನು ಹೇಳುವಾಗ ‘ಫಾರ್’ ಎಂದೂ ಬೇರೆ ಮಾಡುತ್ತಾರೆ. ಮೇಲಾಗಿ ನಮ್ಮ ‘ಇದ್ದೇನೆ’ ಎಂಬ ಸರಳ ಕ್ರಿಯಾಪದದ ಸ್ಥಾನದಲ್ಲಿ ಅಲ್ಲಿ ‘ಹ್ಯಾವ್ ಲಿವ್ಡ್’ ಎಂಬ ರೂಪ ಬರಬೇಕು. ಪ್ರಶ್ನೆಯ ವಿಷಯವೂ ಹೀಗೆಯೇ. ‘ಹೋಗುತ್ತಾನೆ’ ಎಂಬುದರ ತುದಿಗೆ ಒಂದು ‘ಆ’ ಸೇರಿಸಿದರೆ ‘ಹೋಗುತ್ತಾನೆಯಾ’ ಎಂದು ನಮ್ಮಲ್ಲಿ ಪ್ರಶ್ನೆಯಾಯಿತು. ಇಂಗ್ಲಿಷಿನಲ್ಲಿಯಾದರೋ ‘ಹಿ ಗೋಸ್’ ಎಂಬುದನ್ನು ಪ್ರಶ್ನೆ ಮಾಡಬೇಕಾದರೆ ‘ಡಸ್’ ಎಂಬುದನ್ನು ಮುಂದೆ ತಂದು, ‘ಗೋಸ್’ನ ಬಾಲವನ್ನು ಕತ್ತರಿಸಿ ‘ಡಸ್ ಹಿ ಗೋ?’ ಎನ್ನಬೇಕು. ಬಾಲ ಕತ್ತರಿಸುವುದನ್ನು ಮರೆತು ‘ಡಸ್ ಹಿ ಗೋಸ್?’ ಎನ್ನದವನು ನಮ್ಮಲ್ಲಿ ಯಾರಿದ್ದಾನೆ?

ಬರೆಯುವಾಗ ಕೈಗೆ ಅವಕಾಶವಿರುತ್ತದೆ. ನಿಯಮವನ್ನು ನೆನೆದು, ಅಳಿಸಿ, ತಿದ್ದಿ ಬರೆಯಬಹುದು. ಮಾತಿಗೆ ಆ ಬಿಡುವಿಲ್ಲ. ನಾಲಗೆ ತನಗೆ ರೂಢಿಯಾದ ದಾರಿಯನ್ನೇ ಹಿಡಿಯುತ್ತದೆ, ಆ ದಾರಿ ಕನ್ನಡದ್ದು. ಕೇಳಿ ತಿಳಿದುಕೊಂಡ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಕೆನಡಾ ದೇಶದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಪಾಠಗಳನ್ನು ಫ್ರೆಂಚಿನಲ್ಲಿ ಹೇಳಿಕೊಡುವ ಶಾಲೆಗಳಿವೆ. ಆ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಕೇಳಿ ಚೆನ್ನಾಗಿ ಗ್ರಹಿಸಿದರೂ ಮಾತಿನಲ್ಲಿ ವ್ಯಾಕರಣದ ತಪ್ಪುಗಳು ಉಳಿದುದನ್ನು ಮೆರಿಲ್ ಸ್ವೇನ್ ಎಂಬ ವಿದುಷಿ ಕಂಡರು. ತಾನೇ ವಾಕ್ಯ ಕಟ್ಟಿ ಆಡಬೇಕಾಗಿ ಬಂದಾಗಲೇ ಕಲಿಯುವವನಿಗೆ ತನ್ನ ಕೊರತೆ ಗೋಚರಿಸುತ್ತದೆ ಎಂದು 1985ರಲ್ಲಿ ಅವರು ಪ್ರತಿಪಾದಿಸಿದರು. ಮೆಟ್ಟಿಲ ಮೇಲೆ ನನಗೆ ಆದುದೂ ಅದೇ.

ಆದರೆ ಆಡುವುದು ಯಾರೊಡನೆ? ಅರವತ್ತು ಜನರಿರುವ ತರಗತಿಯಲ್ಲಿ ಗುರುಗಳು ಒಂದು ಗಂಟೆಯ ಕಾಲ ಬಾಯಿ ಮುಚ್ಚಿ ಕುಳಿತರೂ ಒಬ್ಬೊಬ್ಬನ ಪಾಲಿಗೆ ಬರುವುದು ಒಂದೇ ನಿಮಿಷ. ಅದೇ ಅರವತ್ತು ಜನರು ಮೂವತ್ತು ಜೋಡಿಗಳಾಗಿ ಹತ್ತು ನಿಮಿಷ ಮಾತನಾಡಿದರೆ ಪ್ರತಿಯೊಬ್ಬನಿಗೂ ಐದು ನಿಮಿಷ ದೊರೆಯುತ್ತವೆ. ಈ ಲೆಕ್ಕವನ್ನು ಹಾಕಿ ನಾನೂ ನನ್ನ ಮಿತ್ರನೊಬ್ಬನೂ ದಿನಾಲು ಸಂಜೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕುಳಿತು ಇಂಗ್ಲಿಷ್ ಮಾತನಾಡತೊಡಗಿದೆವು. ಮಿತ್ರನು ಮೊದಲನೆಯ ವರ್ಷದ ಇಂಗ್ಲಿಷ್ ಪತ್ರಿಕೆಯಲ್ಲಿ ನಪಾಸಾಗಿ, ಕಾಲೇಜು ಬಿಟ್ಟು ಅಣ್ಣನ ಹಿಂದೆ ಗೋವೆಗೆ ಕಟ್ಟಡದ ಕೆಲಸಕ್ಕೆ ಹೋಗುವ ವಿಚಾರದಲ್ಲಿದ್ದನು. ‘ಇದೊಂದು ಕಡೆಯ ಪ್ರಯತ್ನ’ ಎಂದು ನನ್ನ ಮಾತಿಗೆ ಒಪ್ಪಿದನು.

ಒಂದು ತಿಂಗಳು ಕಳೆಯಿತು. ಸಂಕೋಚ ಹೋಯಿತು, ಮಾತು ಸರಾಗವಾಯಿತು. ಹಿಗ್ಗಿನಿಂದ ನಮ್ಮ ಇಂಗ್ಲಿಷ್ ಅಧ್ಯಾಪಕರ ಮುಂದೆ ಸಂಭಾಷಣೆ ನಡೆಸಿ ತೋರಿಸಿದೆವು. ಅವರು ತಾಳ್ಮೆಯಿಂದ ಕೇಳಿ, ‘ಮೊದಲು ತಡವರಿಸಿ ತಪ್ಪು ಮಾಡುತ್ತಿದ್ದಿರಿ, ಈಗ ತಡವರಿಸದೆ ಮಾಡುತ್ತೀರಿ’ ಎಂದರು. ನಮ್ಮಿಬ್ಬರದೂ ಒಂದೇ ತಪ್ಪು. ನಾನು ‘ಡಸ್ ಹಿ ಗೋಸ್’ ಎಂದರೆ ಅವನಿಗೆ ಅದು ಸರಿಯಾಗಿಯೇ ಕೇಳಿಸುತ್ತಿತ್ತು. ತಿದ್ದುವವರು ಯಾರು?

ಆಗ ಅವರು ನಮ್ಮ ರಾಜ್ಯದಲ್ಲಿಯೇ ಹುಟ್ಟಿದ ಒಂದು ಪ್ರಸಿದ್ಧ ಪ್ರಯೋಗದ ಸಂಗತಿಯನ್ನು ಹೇಳಿದರು. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಕಾರದೊಡನೆ, ಎನ್. ಎಸ್. ಪ್ರಭು ಅವರ ಮುಂದಾಳುತನದಲ್ಲಿ 1979ರಿಂದ 1984ರ ವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅದು ನಡೆಯಿತು. ‘ಬೆಂಗಳೂರು ಯೋಜನೆ’ ಎಂದೇ ಅದು ಹೊರದೇಶಗಳಲ್ಲಿಯೂ ಹೆಸರಾಗಿದೆ. ವ್ಯಾಕರಣದ ಪಾಠ ಹೇಳದೆ, ಮಕ್ಕಳ ಮುಂದೆ ನಕ್ಷೆ, ರೈಲ್ವೆ ವೇಳಾಪಟ್ಟಿ ಮುಂತಾದುವನ್ನಿಟ್ಟು ಬಿಡಿಸಬೇಕಾದ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಕೊಡುವುದು ಅದರ ಕ್ರಮ. ಮನಸ್ಸು ಅರ್ಥದಲ್ಲಿ ತೊಡಗಿದ್ದಾಗ ವ್ಯಾಕರಣವು ಒಳಗೊಳಗೇ ಬೆಳೆಯುತ್ತದೆಂಬುದು ಪ್ರಭು ಅವರ ನಂಬಿಕೆ. ಆದರೆ ವಿದ್ಯಾರ್ಥಿಗಳನ್ನು ಗುಂಪುಗಳಾಗಿ ಬಿಟ್ಟು ಮಾತನಾಡಿಸುವುದನ್ನು ಅವರು ಮೆಚ್ಚಲಿಲ್ಲ. ಕಲಿಯುವವರು ಒಬ್ಬರ ತಪ್ಪನ್ನು ಒಬ್ಬರು ಗಟ್ಟಿಮಾಡುತ್ತಾರೆ, ಒಳ್ಳೆಯ ಮಾದರಿ ಗುರುಗಳ ಬಾಯಿಂದಲೇ ಬರಬೇಕು ಎಂಬುದು ಅವರ ವಾದ. ಇದನ್ನೆಲ್ಲ ಅವರು 1987ರಲ್ಲಿ ಪ್ರಕಟವಾದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಎಂಬ ಗ್ರಂಥದಲ್ಲಿ ವಿವರಿಸಿದ್ದಾರೆ. ಕೇಳಿ ನಮ್ಮ ಉತ್ಸಾಹ ಇಳಿದುಹೋಯಿತು. ನಮ್ಮ ಒಂದು ತಿಂಗಳ ಶ್ರಮ ಅವರ ಮಾತಿಗೆ ಸಾಕ್ಷಿಯಾಗಿ ನಿಂತಿತ್ತು.

ಆ ರಾತ್ರಿ ಊಟದ ಹೊತ್ತಿಗೆ ನನ್ನ ಸಪ್ಪೆ ಮೋರೆ ಕಂಡು ತಂದೆಯವರು ವಿಚಾರಿಸಿದರು. ಶಾಲೆಯ ಮುಖ ಕಾಣದ ಅವರಿಗೆ ಇದನ್ನು ಹೇಗೆ ಹೇಳುವುದೆಂದು ಅಳುಕುತ್ತಲೇ ಹೇಳಿದೆ. ಅವರು ನಕ್ಕು, ‘ಎರಡೂ ಹೊಸಾ ಹೋರಿ ಒಂದ ನೊಗಕ್ಕ ಹೂಡಿದ್ರ ಸಾಲು ಹೆಂಗ ನೆಟ್ಟಗಾದೀತೋ ತಮ್ಮಾ? ಒಂದರೆ ಹಳೇ ಎತ್ತ ಇರಬೇಕು’ ಎಂದರು. ಪಳಗದ ಹೋರಿಯನ್ನು ಪಳಗಿದ ಎತ್ತಿನ ಜೊತೆಗೆ ಹೂಡಿಯೇ ಕೆಲಸ ಕಲಿಸುವುದನ್ನು ನಾನು ಹುಟ್ಟಿದಂದಿನಿಂದ ನೋಡಿದ್ದೆ. ನೋಡಿಯೂ ಹೊಳೆದಿರಲಿಲ್ಲ.

ಹಳೆಯ ಎತ್ತನ್ನು ಎಲ್ಲಿಂದ ತರುವುದು? ಇಂಗ್ಲಿಷ್ ಬಲ್ಲವರು ನಮ್ಮ ಜೊತೆಗೆ ದಿನಾಲು ಕೂಡ್ರುವರೇ? ಯೋಚಿಸಿ ಒಂದು ಉಪಾಯ ಮಾಡಿದೆವು. ಒಂದೊಂದು ನಿಯಮಕ್ಕೆ ಒಂದೊಂದು ಚೀಟಿ ಬರೆದು, ಅದರಲ್ಲಿ ಆರು ಪ್ರಶ್ನೆಗಳನ್ನೂ ಅವುಗಳ ಸರಿಯುತ್ತರಗಳನ್ನೂ ಇಟ್ಟು, ಅಧ್ಯಾಪಕರಿಂದ ತಿದ್ದಿಸಿಕೊಂಡೆವು. ಜೋಡಿಯಲ್ಲಿ ಒಬ್ಬನ ಕೈಯಲ್ಲಿ ಚೀಟಿ. ಇನ್ನೊಬ್ಬನಿಗೆ ಅದು ಕಾಣಬಾರದು. ಚೀಟಿ ಹಿಡಿದವನು ಐದು ನಿಮಿಷದ ಮಟ್ಟಿಗೆ ಹಳೆಯ ಎತ್ತು. ಬಳಿಕ ಬೇರೆ ಚೀಟಿ, ಅದಲುಬದಲು. ಒಬ್ಬ ವಿದ್ಯಾರ್ಥಿ ಇನ್ನೊಬ್ಬನಿಗೆ ಗುರುವಾಗುವುದು ಹೊಸ ಮಾತೇನಲ್ಲ. ಮದರಾಸಿನ ಅನಾಥಾಲಯದ ಮೇಲ್ವಿಚಾರಕರಾಗಿದ್ದ ಆ್ಯಂಡ್ರೂ ಬೆಲ್ ಎಂಬ ಪಾದ್ರಿಗಳು ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದರು. ಆ ಪದ್ಧತಿ ಇಂಗ್ಲೆಂಡಿನಲ್ಲಿ ‘ಮದರಾಸು ಪದ್ಧತಿ’ ಎಂದು ಹರಡಿತು.

ನಮ್ಮ ಚೀಟಿಗಳಲ್ಲಿ ಎರಡರ ಮಾದರಿಯನ್ನು ಇಲ್ಲಿ ಕೊಡುತ್ತೇನೆ. ಮೊದಲನೆಯದು ನನ್ನ ಹಳೆಯ ವೈರಿಯಾದ ‘ಸಿನ್ಸ್’ ಮತ್ತು ‘ಫಾರ್’. ‘ಹೌ ಲಾಂಗ್ ಹ್ಯಾಸ್ ಬಾಗಲಕೋಟೆ ಬೀನ್ ಎ ಡಿಸ್ಟ್ರಿಕ್ಟ್?’ ಎಂದು ಚೀಟಿಯವನು ಕೇಳಬೇಕು. ನಮ್ಮ ಜಿಲ್ಲೆ ವಿಜಾಪುರದಿಂದ ಬೇರೆಯಾದುದು 1997ರಲ್ಲಿ. ಆದುದರಿಂದ ಉತ್ತರ ‘ಸಿನ್ಸ್ 1997’. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ, ಅದು ಕ್ರಿ. ಶ. 578ರದು. ‘ಹೌ ಲಾಂಗ್ ಹ್ಯಾಸ್ ದಿಸ್ ಕೇವ್ ಬೀನ್ ಹಿಯರ್?’ ಎಂದರೆ ‘ಸಿನ್ಸ್ 578’ ಎನ್ನಬಹುದು, ‘ಫಾರ್ ಓವರ್ ಫೋರ್ಟೀನ್ ಹಂಡ್ರೆಡ್ ಇಯರ್ಸ್’ ಎಂದೂ ಅನ್ನಬಹುದು. ಒಂದೇ ಗುಹೆಗೆ ಎರಡು ರೀತಿಯ ಉತ್ತರ ಕೊಟ್ಟ ದಿನ ನಮ್ಮಿಬ್ಬರಿಗೂ ಆ ಭೇದ ತಲೆಯಿಂದ ನಾಲಗೆಗೆ ಇಳಿಯಿತು.

ಎರಡನೆಯದು ಸ್ಥಳ ತಿಳಿಸುವ ಪದಗಳು. ಚೀಟಿಯವನ ಬಳಿ ಅಗಸ್ತ್ಯ ತೀರ್ಥದ ನಕ್ಷೆ. ದಕ್ಷಿಣಕ್ಕೆ ಗುಹೆಗಳು, ಉತ್ತರಕ್ಕೆ ವಸ್ತುಸಂಗ್ರಹಾಲಯ, ಪೂರ್ವಕ್ಕೆ ಭೂತನಾಥ ದೇವಾಲಯಗಳು. ಇನ್ನೊಬ್ಬನ ಬಳಿ ಕೆರೆಯೊಂದನ್ನೇ ಬರೆದ ಖಾಲಿ ಹಾಳೆ. ಅವನು ಇಂಗ್ಲಿಷಿನಲ್ಲಿ ಕೇಳಿ ಕೇಳಿ ಉಳಿದುದನ್ನು ತುಂಬಬೇಕು. ನಮ್ಮ ‘ಮೇಲೆ’ ಎಂಬ ಒಂದು ಮಾತಿಗೆ ಅವರಲ್ಲಿ ‘ಆನ್’, ‘ಅಬೋವ್’, ‘ಓವರ್’ ಎಂದು ಮೂರಿವೆ. ಬಂಡೆಯ ಮೇಲಿನ ಶಾಸನ ‘ಆನ್’. ಕೆರೆಗಿಂತ ಎತ್ತರದಲ್ಲಿರುವ ಗುಹೆ ‘ಅಬೋವ್’. ನೀರಿನ ಮೇಲೆ ಹಾರುವ ಗಿಳಿ ‘ಓವರ್’. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಕೇಳುವವನಿಗೆ ಉತ್ತರ ನಿಜವಾಗಿಯೂ ಬೇಕಾಗಿದೆ. ತಪ್ಪು ಪದ ಬಿದ್ದರೆ ಗುಡಿಯು ನೀರಿನೊಳಗೆ ಬೀಳುತ್ತದೆ! ಪ್ರಭು ಅವರು ಹೇಳಿದ ಅರ್ಥದ ತೊಡಗಿಕೆಯೂ, ಅವರು ಬಯಸಿದ ಸರಿಯಾದ ಮಾದರಿಯೂ ಒಂದೇ ಕಡೆಗೆ ದೊರೆತಂತಾಯಿತು.

ಅನುಭವದಿಂದ ನಾವು ಮಾಡಿಕೊಂಡ ಕಟ್ಟಳೆಗಳು ಮೂರು. ಒಂದು ಸಂಜೆಗೆ ಒಂದೇ ನಿಯಮ. ತಪ್ಪಾದಾಗ ಚೀಟಿಯವನು ಒಡನೆ ಉತ್ತರ ಹೇಳದೆ ಬೆರಳನ್ನು ಮಾತ್ರ ಎತ್ತಬೇಕು. ಆಡಿದವನು ತಾನೇ ತಿದ್ದಿಕೊಳ್ಳಲು ನೋಡಬೇಕು, ಆಗದಿದ್ದರೆ ಮಾತ್ರ ಚೀಟಿ ಓದಬೇಕು. ಕಡೆಗೆ, ಚೀಟಿಯನ್ನು ಮುಚ್ಚಿಟ್ಟು ಅದೇ ನಿಯಮವನ್ನು ತಮ್ಮ ಮನೆಯ ಸಂಗತಿಗೆ ಹೊಂದಿಸಿ ಮಾತನಾಡಬೇಕು. ‘ಡಸ್ ಯುವರ್ ಫಾದರ್ ಗೋ ಟು ದಿ ಫೀಲ್ಡ್?’ ಎಂದು ಮಿತ್ರನು ಕೇಳಿದಾಗ ‘ಯೆಸ್, ಹಿ ಗೋಸ್ ಎವೆರಿ ಡೇ’ ಎಂದು ನಾನು ಹೇಳಿದ ಮಾತು ಪುಸ್ತಕದ ಮಾತಾಗಿರಲಿಲ್ಲ, ನನ್ನ ಮನೆಯ ಮಾತಾಗಿತ್ತು.

ಈ ಕ್ರಮಕ್ಕೆ ಮಿತಿಗಳೂ ಉಂಟು. ಉಚ್ಚಾರವು ಇದರಿಂದ ತಿದ್ದುವುದಿಲ್ಲ. ಅದಕ್ಕೆ ಬಲ್ಲವರ ಬಾಯನ್ನೇ ಕೇಳಬೇಕು. ಹೊಸ ಶಬ್ದಗಳು ಓದಿನಿಂದಲೇ ಬರಬೇಕು. ಚೀಟಿಯಲ್ಲಿಯೇ ತಪ್ಪಿದ್ದರೆ ಇಬ್ಬರೂ ಕೆಟ್ಟಂತೆ. ಆದುದರಿಂದ ಗುರುಗಳ ಕಣ್ಣಿಗೆ ಬೀಳದ ಚೀಟಿಯನ್ನು ಬಳಸಲೇಬಾರದು. ತರಗತಿಯಲ್ಲಿ ಮೂವತ್ತು ಜೋಡಿಗಳು ಒಮ್ಮೆಲೆ ಬಾಯಿ ತೆರೆದರೆ ಸಂತೆಯ ಗದ್ದಲವಾಗುತ್ತದೆ, ಮಾತು ಸದ್ದಿಲ್ಲದೆ ಕನ್ನಡಕ್ಕೆ ತಿರುಗುತ್ತದೆ ಎಂಬುದನ್ನೂ ಕಂಡಿದ್ದೇನೆ.

ನನ್ನ ಮಿತ್ರನು ಗೋವೆಗೆ ಹೋಗಲಿಲ್ಲ. ಬಾಕಿಯುಳಿದ ಪತ್ರಿಕೆಯಲ್ಲಿ ಹೇಗೋ ತೇರ್ಗಡೆಯಾದನು. ಅದು ಚೀಟಿಗಳ ಫಲವೆಂದು ನಾನು ಆಣೆಯಿಟ್ಟು ಹೇಳಲಾರೆ. ಅವನು ರಾತ್ರಿಯೆಲ್ಲ ಓದಿದ್ದೂ ನನಗೆ ಗೊತ್ತು. ಆದರೆ ಎರಡು ವರ್ಷ ತರಗತಿಯ ಹಿಂದಿನ ಬೆಂಚಿನಲ್ಲಿ ತುಟಿ ಬಿಚ್ಚದೆ ಕುಳಿತವನು ಈ ವರ್ಷ ಎದ್ದು ನಿಂತು ಅಧ್ಯಾಪಕರನ್ನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದನು. ಪ್ರಶ್ನೆಯಲ್ಲಿ ‘ಡಸ್’ ಮುಂದೆ ಇತ್ತು, ಬಾಲ ಕತ್ತರಿಸಿತ್ತು. ನಾನು ಹಿಂದೆ ಕುಳಿತು ಸುಮ್ಮನೆ ಬೆರಳುಗಳನ್ನು ಮಡಿಚಿಕೊಂಡೆ.

ಪದವಿ ಮುಗಿಸಿ ನಾವಿನ್ನು ಕಾಲೇಜು ಬಿಡುವವರು. ನಲವತ್ತೆರಡು ಚೀಟಿಗಳ ಒಂದು ಕಟ್ಟು ನನ್ನಲ್ಲಿದೆ. ಅಂಚು ಹರಿದಿವೆ, ಕೆಲವಕ್ಕೆ ಚಹದ ಕಲೆ ಬಿದ್ದಿದೆ. ಅಕ್ಷರಗಳು ಮಾತ್ರ ಸ್ಪಷ್ಟವಾಗಿವೆ. ಅವುಗಳನ್ನು ನಮ್ಮ ಗ್ರಂಥಾಲಯದಲ್ಲಿ ಇರಿಸಲು ಅಧ್ಯಾಪಕರು ಒಪ್ಪಿದ್ದಾರೆ. ಬೇಕಾದ ಕಿರಿಯ ಮಿತ್ರರು ನಕಲು ಮಾಡಿಕೊಳ್ಳಬಹುದು. ಆದರೆ ಒಬ್ಬೊಬ್ಬರೇ ಹೋಗಬೇಡಿರಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿರಿ.