ಯುದ್ಧನೌಕೆಯ ಬೆಲೆಯೂ ಬಾಳ್ವೆಯ ವೆಚ್ಚವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಗದ್ದೆಗಳಲ್ಲಿ ಪವರ್ ಟಿಲ್ಲರನ್ನು ನಾವೆಲ್ಲರೂ ನೋಡಿದ್ದೇವೆ. ಎಂಜಿನ್ ಒಂದೇ, ಉಳುವಾಗ ಅದಕ್ಕೆ ರೋಟರಿ, ಗೊಬ್ಬರ ಸಾಗಿಸುವಾಗ ಟ್ರೈಲರ್, ನೀರೆತ್ತುವಾಗ ಪಂಪು. ಒಂದರ ಬೆಲೆಗೆ ಮೂರು ಯಂತ್ರಗಳು ದೊರೆತಂತೆ ತೋರುವುದು. ಆದರೆ ಡೀಸೆಲ್, ಬೆಲ್ಟು, ಬೇರಿಂಗು, ಮಳೆಗಾಲದ ತುಕ್ಕು ಇವನ್ನೂ ಕೂಡಿಸಿದ ಮೇಲೆಯೇ ಅದರ ನಿಜವಾದ ವೆಚ್ಚ ತಿಳಿಯುವುದು.

ಈ ಲೆಕ್ಕ ಯುದ್ಧನೌಕೆಗೂ ಸಲ್ಲುತ್ತದೆ. ನೌಕೆಯ ಒಡಲು ಸುಮಾರು 30 ವರ್ಷ ಬಾಳತಕ್ಕದ್ದು. ಒಳಗಿನ ರಾಡಾರು, ಗಣಕಯಂತ್ರಗಳು ಅದಕ್ಕೆ ಬಹಳ ಮೊದಲೇ ಹಳತಾಗುವುವು. ಕೊಂಡ ಬೆಲೆ, ಇಂಧನ, ನಾವಿಕರ ಸಂಬಳ, ದುರಸ್ತಿ, ನವೀಕರಣ, ಕಡೆಗೆ ಒಡೆಯುವ ಖರ್ಚು ಇವೆಲ್ಲದರ ಮೊತ್ತವೇ ಆಜೀವ ವೆಚ್ಚ. ಕಾರವಾರದ ಬಳಿ 2005ರಲ್ಲಿ ಆರಂಭವಾದ ಐ.ಎನ್.ಎಸ್. ಕದಂಬ ನೌಕಾನೆಲೆಯಲ್ಲಿ 10,000 ಟನ್ ತೂಕದವರೆಗಿನ ಹಡಗನ್ನು ನೀರಿನಿಂದ ಮೇಲೆತ್ತುವ ಯಂತ್ರವೇದಿಕೆಯುಂಟು. ದುರಸ್ತಿಯೆಂಬುದು ಎಷ್ಟು ದೊಡ್ಡ ಕಾರ್ಯವೆಂಬುದಕ್ಕೆ ಇದೇ ಸಾಕ್ಷಿ.

ನೌಕೆಯ ಬೆಲೆ 100 ಪಾಲು, ವರ್ಷದ ಖರ್ಚು 6 ಪಾಲು ಎಂದು ಊಹಿಸೋಣ. 30 ವರ್ಷದ ಖರ್ಚು 180 ಪಾಲಾಗುವುದು, ಬೆಲೆಗಿಂತಲೂ ಹೆಚ್ಚು! ಮೊದಲೇ 10 ಪಾಲು ಹೆಚ್ಚು ತೆತ್ತು ವರ್ಷಕ್ಕೆ 1 ಪಾಲು ಉಳಿಸಿದರೆ ನಿವ್ವಳ ಲಾಭ 20 ಪಾಲು. ಆಯುಧಗಳನ್ನು ಒಂದೇ ಅಳತೆಯ ಪೆಟ್ಟಿಗೆಗಳಲ್ಲಿ ಕೂಡಿಸಿ, ಬೇಕಾದಾಗ ಬದಲಾಯಿಸುವ ಘಟಕ ವಿನ್ಯಾಸದ ಆಸೆ ಇದೇ.

ಡೆನ್ಮಾರ್ಕಿನಲ್ಲಿ ಈ ಆಸೆ ಕೈಗೂಡಿತು. 1980ರ ದಶಕದ ಕೊನೆಯಿಂದ ಅಲ್ಲಿ ಕಟ್ಟಿದ ಇಂತಹ 14 ನೌಕೆಗಳು ಮೂರು ಬಗೆಯ 22 ಹಳೆಯ ನೌಕೆಗಳ ಕೆಲಸವನ್ನು ವಹಿಸಿಕೊಂಡವು. ಅವು ನಿವೃತ್ತವಾದಾಗ ಅವುಗಳ ಪೆಟ್ಟಿಗೆಗಳು ಬೇರೆ ಹಡಗುಗಳಿಗೆ ಒದಗಿದವು.

ಅಮೆರಿಕದಲ್ಲಿ ಹಾಗಾಗಲಿಲ್ಲ. ಅಲ್ಲಿಯ 'ಫ್ರೀಡಂ' ನೌಕೆಯಿಂದ 40 ನಾಟ್, ಅಂದರೆ ಗಂಟೆಗೆ ಸುಮಾರು 74 ಕಿಲೋಮೀಟರ್ ವೇಗವನ್ನು ಬಯಸಿದರು. ಹಡಗಿನ ವೇಗ ಇಮ್ಮಡಿಯಾಗಲು ಶಕ್ತಿ ಸುಮಾರು ಎಂಟು ಮಡಿ ಬೇಕು. ಯಂತ್ರಗಳು ಜಟಿಲವಾದವು, ದುರಸ್ತಿ ಬೆಳೆಯಿತು. ಪೆಟ್ಟಿಗೆಗಳೂ ಸಕಾಲಕ್ಕೆ ಸಿದ್ಧವಾಗಲಿಲ್ಲ. 2008ರಲ್ಲಿ ಸೇವೆಗೆ ಸೇರಿದ ನೌಕೆ 2021ರಲ್ಲೇ ನಿವೃತ್ತವಾಯಿತು. ಜಲಾಂತರ್ಗಾಮಿಗಳನ್ನು ಎದುರಿಸುವ ಪೆಟ್ಟಿಗೆಯ ಯೋಜನೆಯನ್ನು 2022ರಲ್ಲಿ ಕೈಬಿಡಲಾಯಿತು.

ಆದ್ದರಿಂದ ಘಟಕ ವಿನ್ಯಾಸವು ತಾನಾಗಿಯೇ ಹಣ ಉಳಿಸದು. ಗೂಡಿನ ಅಳತೆ ದಶಕಗಳವರೆಗೆ ಬದಲಾಗಬಾರದು. ಒಂದು ಪೆಟ್ಟಿಗೆ ಹಲವು ಹಡಗುಗಳಿಗೆ ಹೊಂದಬೇಕು. ಅದನ್ನು ನಡೆಸಬಲ್ಲ ನಾವಿಕರು ಸಿದ್ಧರಿರಬೇಕು. ಟ್ರೈಲರ್ ಕೊಟ್ಟಿಗೆಯಲ್ಲಿದ್ದೂ ಅದರ ಕೊಂಡಿ ಟಿಲ್ಲರಿಗೆ ಹೊಂದದಿದ್ದರೆ ಗೊಬ್ಬರವನ್ನು ತಲೆಯ ಮೇಲೆಯೇ ಹೊರಬೇಕಷ್ಟೆ!